ಕಾಫಿ ತೋಟದಲ್ಲಿ ಕುಡಿದ ಚಹಾ

ಅಕ್ಕಾರ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಬಿದ್ದು ಮುರಿದದ್ದಲ್ಲ, ಹುರಿಯದ ಕಾಫಿ ಬೀಜ ಕಚ್ಚಿ ಕಚ್ಚಿ ಸವೆದು ಮುರಿದದ್ದು. ಮೂಟೆಯೊಳಗೆ ಕೈ ಹಾಕಿ ಒಂದು ಬೀಜ ತೆಗೆದು ಹಲ್ಲಿನ ನಡುವೆ ಇಟ್ಟು ಒತ್ತುತ್ತಿದ್ದರು. ಹಲ್ಲು ಒಳಗಿಳಿದರೆ ಇನ್ನೂ ಒಣಗಬೇಕು, ಟಕ್ ಎಂದರೆ ಒಣಗಿದೆ ಎಂದು ಲೆಕ್ಕ. ತೇವ ಎಷ್ಟಿದೆ ಎಂದು ತೋರಿಸುವ ಮೆಷಿನ್ ಒಂದನ್ನು ನಾನೇ ತರಿಸಿಕೊಟ್ಟೆ. ಅವರು ಬೀಜವನ್ನು ಮೊದಲು ಕಚ್ಚಿ ನೋಡಿ, ಆಮೇಲೆ ಮೆಷಿನ್ ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು.

ರಾಜಾಜಿನಗರದ ಅಡ್ಡರಸ್ತೆಯೊಂದರಲ್ಲಿ ಅವರ ಕಾಫಿ ಪುಡಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. ಗಿರಾಕಿಗಳಿಗೆಲ್ಲ ಅವರು ಆಂಟಿ. ನಾನು ಗದಗಿನ ಕಡೆಯವನು, ನನಗೆ ಅಕ್ಕಾರು. ನಾನಿದ್ದ ಕಾರ್ಖಾನೆ ಮುಚ್ಚಿ, ಮೂವತ್ತೆರಡನೇ ವಯಸ್ಸಿನಲ್ಲಿ ಅವರ ಹತ್ತಿರ ಬೀಜ ಹುರಿಯುವ ಕೆಲಸಕ್ಕೆ ಸೇರಿದೆ. ಅಲ್ಲಿಯವರೆಗೆ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಮುಚ್ಚಿಟ್ಟು ಏನು ಮಾಡುವುದೆಂದು ಮೊದಲ ದಿನವೇ ಹೇಳಿಬಿಟ್ಟೆ.

“ಒಳ್ಳೇದೇ ಆಯ್ತು ಬಿಡೋ,” ಅಂದರು. “ಕೆಟ್ಟ ಕಾಫಿ ಕುಡಿದು ಅಭ್ಯಾಸ ಇಲ್ಲ ನಿಂಗೆ. ಇರೋರಿಗೆ ಬಿಡಿಸೋದೇ ದೊಡ್ಡ ತಲೆನೋವು ನಂಗೆ.”

ಬಾಯಿ ಸ್ವಲ್ಪ ಜೋರೇ. ಅರ್ಧಕ್ಕರ್ಧ ಚಿಕೋರಿ ಹಾಕಿಕೊಡಿ ಅಂದವರಿಗೆ, “ಹಂಗಾದ್ರೆ ಕಾಫಿ ಯಾಕೆ ದಂಡ ಸಾರ್, ಬರೀ ಚಿಕೋರೀನೇ ತಗೊಂಡ್ಹೋಗಿ,” ಅನ್ನುತ್ತಿದ್ದರು. ಅಂಥವರೂ ಮತ್ತೆ ಬರುತ್ತಿದ್ದರು. ಏಕೆಂದರೆ ಪುಡಿ ಚೆನ್ನಾಗಿರುತ್ತಿತ್ತು.

ಸುತ್ತಲಿನ ಅಂಗಡಿಯವರು ದಲ್ಲಾಳಿಗಳ ಹತ್ತಿರ ಬೀಜ ಕೊಂಡರೆ ಅಕ್ಕಾರು ಮಾತ್ರ ನೇರವಾಗಿ ಬೆಳೆಗಾರರಿಂದಲೇ ತರುತ್ತಿದ್ದರು. ಬೆಳಗಾಗೆದ್ದು ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತಿ ಮೂಡಿಗೆರೆ ಕಡೆ ಹೊರಡುವರು. ಚೀಲದಲ್ಲಿ ಒಂದು ಸ್ಟೀಲ್ ಫಿಲ್ಟರ್, ಅರ್ಧ ಕೆಜಿ ಪುಡಿ. ಆ ಪುಡಿ ಹೋದ ವರ್ಷ ಅದೇ ಬೆಳೆಗಾರರಿಂದ ತಂದ ಬೀಜದ್ದು. ಅವರ ಅಡುಗೆಮನೆಗೇ ನುಗ್ಗಿ ಡಿಕಾಕ್ಷನ್ ಇಳಿಸಿ, ಮನೆಮಂದಿಗೆಲ್ಲ ಕೊಟ್ಟು, ತಾವೂ ಕುಡಿದ ಮೇಲೆಯೇ ರೇಟಿನ ಮಾತು. ಅದಕ್ಕೆ ಮೊದಲು ಯಾರಾದರೂ ರೇಟು ಎತ್ತಿದರೆ ಸಿಟ್ಟು ಬರುತ್ತಿತ್ತು.

ಬೆಳೆಗಾರರ ಮನೆಯಲ್ಲಿ ಒಳ್ಳೆಯ ಕಾಫಿ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವರಿಂದಲೇ. ದಪ್ಪ ಬೀಜವನ್ನೆಲ್ಲ ಮಾರಿ, ಒಡೆದದ್ದು, ಕಪ್ಪಾದದ್ದನ್ನು ಮನೆ ಖರ್ಚಿಗೆ ಇಟ್ಟುಕೊಳ್ಳುತ್ತಾರೆ. ಐದು ಎಕರೆ ತೋಟದ ಗೌಡರೊಬ್ಬರಿದ್ದರು, ನಮಗೆ ಹೆಚ್ಚು ಬೀಜ ಕೊಡುತ್ತಿದ್ದವರು. ಅಕ್ಕಾರು ಮೊದಲ ಸಲ ಅವರ ಮನೆಯಲ್ಲಿ ಕಾಫಿ ಮಾಡಿಕೊಟ್ಟಾಗ ಗೌಡರ ಹೆಂಡತಿ ಲೋಟ ಹಿಡಿದುಕೊಂಡೇ, “ಇದು ನಮ್ ತೋಟದ್ದಾ? ಹಾಗಾದ್ರೆ ಇಷ್ಟ್ ವರ್ಷ ನಾವು ಕುಡಿದಿದ್ದು ಏನು?” ಎಂದು ಕೇಳಿದ್ದರಂತೆ. ಇದನ್ನು ಹೇಳುವಾಗಲೆಲ್ಲ ಅಕ್ಕಾರಿಗೆ ಹಿಗ್ಗು.

ಒಂದು ವರ್ಷ ಕಾಫಿ ರೇಟು ಹುಚ್ಚು ಹಿಡಿದಂತೆ ಏರತೊಡಗಿತು. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟರೆ ರಾಜಾಜಿನಗರದಲ್ಲಿ ಕಾಫಿ ಪುಡಿ ತುಟ್ಟಿಯಾಗುತ್ತದೆ ಎಂಬುದನ್ನು ನಾನು ಆಗ ಕಲಿತೆ. ಗೌಡರ ಜೊತೆ ದಸರಾ ಹೊತ್ತಿಗೇ ರೇಟು ಮಾತಾಗಿತ್ತು. ಕೊಯ್ಲು ಮುಗಿದು ಬೀಜ ಒಣಗುವಷ್ಟರಲ್ಲಿ ಮಾರುಕಟ್ಟೆ ಎಲ್ಲಿಂದ ಎಲ್ಲಿಗೋ ಹೋಗಿತ್ತು. ಬೇರೆ ಅಂಗಡಿಯವರು ಪುಡಿಯ ಬೆಲೆ ಮೇಲಿಂದ ಮೇಲೆ ಏರಿಸಿದರು. ನಮಗೆ ಹಳೆಯ ರೇಟಿನ ಬೀಜ ಸಿಕ್ಕರೆ ಏರಿಸುವ ಕೆಲಸವೇ ಇರಲಿಲ್ಲ. ನನಗಂತೂ ಒಳಗೊಳಗೇ ಖುಷಿ.

“ಗೌಡ್ರಿಗೆ ಒಂದು ಫೋನ್ ಮಾಡ್ಬೇಕಾ ಅಂತ,” ಎಂದು ಅಕ್ಕಾರು ರಾಗ ಎಳೆದರು.

“ಯಾಕ್ರಿ ಅಕ್ಕಾರ? ಮಾತಂದ್ರ ಮಾತು. ಸುಮ್ನಿರ್ರಿ,” ಅಂದೆ.

ಅವರು ಸುಮ್ಮನಾದರು. ಆ ವರ್ಷ ಮಂಡಿನೋವು ಎಂದು ಲೋಡು ತರಲು ನನ್ನೊಬ್ಬನನ್ನೇ ಕಳಿಸಿದರು. ಮಂಡಿನೋವು ಹಿಂದಿನ ವರ್ಷವೂ ಇತ್ತು. ಮುಖ ತೋರಿಸಲು ಸಂಕೋಚವಾಗಿತ್ತು ಎಂದು ಈಗ ಅನ್ನಿಸುತ್ತದೆ. ನನಗೆ ಅಂಥ ಸಂಕೋಚವೇನೂ ಇರಲಿಲ್ಲ. ಗೌಡರ ಮನಸ್ಸು ಬದಲಾದೀತೆಂಬ ಗಡಿಬಿಡಿಯಲ್ಲಿ ಮೂಟೆ ಬಿಚ್ಚಿ ನೋಡದೆ, ಒಂದು ಬೀಜ ಕಚ್ಚದೆ ಗಾಡಿಗೆ ಏರಿಸಿಕೊಂಡು ಬಂದುಬಿಟ್ಟೆ.

ಹುರಿಯಲು ಸುರಿದಾಗ ಗೊತ್ತಾಯಿತು. ಮೂಟೆಯ ಬಾಯಲ್ಲಿ ಒಳ್ಳೆಯ ಬೀಜ, ಕೆಳಗೆಲ್ಲ ಒಡಕು ಮತ್ತು ಕಪ್ಪು. ಈಗಲೇ ಫೋನ್ ಮಾಡಿ ಗೌಡರ ಜನ್ಮ ಜಾಲಾಡುತ್ತೇನೆ ಎಂದು ಕೂಗಾಡಿದೆ. ಅಕ್ಕಾರು ಬೀಜವನ್ನು ಬೆರಳಲ್ಲಿ ಹರಡುತ್ತ ಕೂತಿದ್ದರು.

“ಅಲ್ಲಿ ಕುಡಿಯೋಕೆ ಏನ್ ಕೊಟ್ರೋ?”

“ಚಹಾ ಕೊಟ್ರು. ಯಾಲಕ್ಕಿ ಹಾಕಿ ಚಲೋ ಮಾಡಿದ್ರು ನೋಡ್ರಿ.”

ಅಕ್ಕಾರು ನನ್ನ ಮುಖವನ್ನೇ ನೋಡಿದರು. “ಕಾಫಿ ತೋಟದ ಮನೇಲಿ ಟೀ ಕೊಟ್ಟಿದಾರೆ. ನೀನು ಚಪ್ಪರಿಸಿ ಕುಡಿದು ಬಂದಿದೀಯ! ನಮ್ ಮೇಲೆ ಬೇಜಾರು ಅಂತ ಅಲ್ಲೇ ಹೇಳಿದಾರಲ್ಲೋ ಅವರು, ಇದಕ್ಕಿಂತ ಇನ್ನೇನ್ ಹೇಳ್ಬೇಕು?”

ಹುಟ್ಟು ಕಾಫಿ ಕುಡುಕನಾಗಿದ್ದರೆ ಆ ಲೋಟ ನೋಡಿದ ಕೂಡಲೇ ಗುಮಾನಿ ಬರುತ್ತಿತ್ತು. ನನಗೆ ಊರಿನ ನೆನಪು ಬಂದಿತ್ತು, ಅಷ್ಟೇ.

ಆ ಬೀಜವನ್ನೇ ಹುರಿಸಿ ಪುಡಿ ಮಾಡಿಸಿ, ಅಕ್ಕಾರು ನನ್ನನ್ನೂ ಕರೆದುಕೊಂಡು ಹೊರಟರು. ಗೌಡರ ಅಡುಗೆಮನೆಯಲ್ಲಿ ಎಂದಿನಂತೆ ಕಾಫಿ ಮಾಡಿ ಎಲ್ಲರಿಗೂ ಕೊಟ್ಟರು. ಗೌಡರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಕೊನೆಗೆ ಗೌಡರ ಹೆಂಡತಿಯೇ ಬಾಯಿಬಿಟ್ಟರು.

“ನಾವು ಮಾಡಿದ್ದು ಸರಿ ಅಂತ ಹೇಳೋದಿಲ್ಲಮ್ಮ. ಆದ್ರೆ ರೇಟು ಏರಿದ್ದು ನಿಮಗೂ ಗೊತ್ತಿತ್ತು. ನೀವು ಒಂದು ಫೋನ್ ಮಾಡ್ತೀರಿ ಅಂತ ದಿನಾ ಕಾದ್ವಿ.”

ಅಕ್ಕಾರು ವಾದ ಮಾಡುತ್ತಾರೆ ಎಂದುಕೊಂಡಿದ್ದೆ. “ಗೊತ್ತಿತ್ತು ಕಣಮ್ಮ,” ಅಂದರು. “ಗೊತ್ತಿದ್ದೂ ಸುಮ್ನಿದ್ದೆ. ನಂದೂ ತಪ್ಪೇ.” ಸುಮ್ಮನಿರಿ ಅಂದವನು ನಾನು ಪಕ್ಕದಲ್ಲೇ ಕೂತಿದ್ದೆ. ಅಕ್ಕಾರು ನನ್ನ ಹೆಸರು ಎತ್ತಲಿಲ್ಲ.

ಅಂದು ಒಂದು ಕರಾರು ಆಯಿತು, ಬಾಯಿಮಾತಿನದು. ಲೋಡು ಎತ್ತುವ ಹೊತ್ತಿಗೆ ರೇಟು ಏರಿದ್ದರೆ ಏರಿದ್ದರಲ್ಲಿ ಅರ್ಧ ಗೌಡರಿಗೆ. ಇಳಿದಿದ್ದರೆ ಇಳಿದದ್ದರಲ್ಲಿ ಅರ್ಧ ನಮಗೆ. “ಹಳೇ ರೇಟಿಂದ ಯಾರಿಗೆ ಲಾಭಾನೋ ಅವರೇ ಮೊದ್ಲು ಫೋನ್ ಮಾಡ್ಬೇಕು. ಕಳ್ಕೊಳ್ಳೋರೇ ಬಾಯ್ಬಿಟ್ಟು ಕೇಳೋ ಹಾಗೆ ಮಾಡ್ಬಾರ್ದು,” ಅಂದರು ಅಕ್ಕಾರು. ಮುಂದಿನ ವರ್ಷಗಳಲ್ಲಿ ಒಮ್ಮೆ ರೇಟು ಇಳಿದಾಗ ಗೌಡರೇ ಫೋನ್ ಮಾಡಿದರು. ಬೀಜದಲ್ಲಿ ಮತ್ತೆಂದೂ ಕಪ್ಪು ಕಾಣಲಿಲ್ಲ.

ಹೋದ ವರ್ಷ ಅಕ್ಕಾರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಅಂಗಡಿ ಪೂರ್ತಿ ನನ್ನ ಮೇಲೆ ಬಿತ್ತು. ಅದೇ ಸಮಯಕ್ಕೆ ರೇಟು ಮತ್ತೆ ಏರಿತು, ಗೌಡರ ಲೋಡು ಎತ್ತಲು ಕೆಲವೇ ದಿನ ಉಳಿದಿತ್ತು. ನಾನು ಫೋನ್ ಮಾಡಲಿಲ್ಲ. ಆಸ್ಪತ್ರೆಯ ಓಡಾಟ, ಪುರುಸೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಇದೊಂದು ಸಲ ತಪ್ಪಿಸಿಕೊಂಡರೆ ಅಂಗಡಿ ಉಸಿರಾಡೀತು ಎಂಬ ಆಸೆ.

ಒಂದು ಮಧ್ಯಾಹ್ನ ಅಕ್ಕಾರು ಕಣ್ಣು ಬಿಟ್ಟು, “ಗೌಡ್ರಿಗೆ ಫೋನ್ ಮಾಡಿದ್ಯೇನೋ?” ಎಂದು ಕೇಳಿದರು.

“ಮಾಡೀನ್ರಿ ಅಕ್ಕಾರ,” ಅಂದೆ.

“ಸದ್ಯ,” ಅಂದು ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು.

ಅವರ ನೆಂಟರು ಬಂದ ಮೇಲೆ ನಾನು ಆಸ್ಪತ್ರೆಯ ಗೇಟಿನ ಹತ್ತಿರ ಹೋಗಿ ನಿಂತು ಗೌಡರಿಗೆ ಫೋನ್ ಮಾಡಿದೆ. ಸಾವಿನ ಸುದ್ದಿ ಮೊದಲು ಹೇಳಿದ್ದರೆ ಗೌಡರು ರೇಟಿನ ಮಾತನ್ನು ಎತ್ತಲೂ ಬಿಡುತ್ತಿರಲಿಲ್ಲ. ನಾನೂ ಅದನ್ನೇ ನೆಪ ಮಾಡಿಕೊಳ್ಳುತ್ತಿದ್ದೆ. ಆ ಮಟ್ಟಿಗೆ ನನ್ನ ಪರಿಚಯ ನನಗಿದೆ.

“ರೇಟು ಏರೇತ್ರಿ ಗೌಡ್ರ. ಏರಿದ್ದರಾಗ ಅರ್ಧ ನಿಮ್ಮದು,” ಅಂದೆ.

“ಈ ಸಲ ಮರ್ತ್ರಿ ಅಂದ್ಕೊಂಡಿದ್ದೆ ಮಾರಾಯ್ರೆ,” ಎಂದು ಗೌಡರು ನಕ್ಕರು. “ಅಮ್ಮನೇ ಹೇಳಿ ಮಾಡಿಸಿದ್ದಾ?”

“ಹೌದ್ರಿ. ಅವರ ಹೇಳಿದ್ರು.”

“ಹೇಗಿದ್ದಾರೆ ಈಗ?”

ಆಗ ಹೇಳಿದೆ.