ಕಿತ್ತ ಎರಡಕ್ಷರ

೧೯೫೧ರಲ್ಲಿ, ಐದನೆಯ ಕ್ಲಾಸಿಗೇ, ಓದು ನಿಲ್ಲಿಸಿದವನು ನಾನು. ಆದರೂ ಒಂದು ಮಾತಿನಿಂದ ಎರಡಕ್ಷರ ಕಿತ್ತು ಒಬ್ಬ ಮುದುಕಿಯ ಅನ್ನ ಕಳೆಯುವಷ್ಟು ಕನ್ನಡ ನನಗೆ ಬರುತ್ತಿತ್ತು.

ಮದರಾಸಿನ ಒಂದು ಸ್ಟುಡಿಯೋದಲ್ಲಿ, ಮೇಲಿನ ಹಲಗೆಗಳಿಗೆ ದೊಡ್ಡ ದೊಡ್ಡ ದೀಪ ಕಟ್ಟುವುದು ನನ್ನ ಕೆಲಸ. ನಾನು ಹಾಕಿದ ಗಂಟು ಬಿಚ್ಚಿತೆಂದು ಒಬ್ಬರೂ ಅಂದದ್ದಿಲ್ಲ — ಆ ಹೆಮ್ಮೆಯೇ ನನ್ನ ಆಸ್ತಿ. ಆಗ ತೆಗೆಯುತ್ತಿದ್ದದ್ದು ತಮಿಳಿನ ರಾಜರಾಣಿಯರ ಚಿತ್ರ. ಗುಂಪಿನಲ್ಲಿ ನಿಲ್ಲಲು ಬರುತ್ತಿದ್ದ ಗೌರಮ್ಮ ಮತ್ತು ನಾನು, ಇಬ್ಬರನ್ನು ಬಿಟ್ಟರೆ ಅಲ್ಲಿ ಯಾರಿಗೂ ಕನ್ನಡ ತಿಳಿಯದು. ಒಂದು ಮಧ್ಯಾಹ್ನ ಮ್ಯಾನೇಜರು, ಅರಮನೆಯ ದಾಸಿಗೆ ಈ ಮುಖ ಒಪ್ಪುವುದಿಲ್ಲವೆಂದು ಆಕೆಯನ್ನು ಕಳಿಸಿಬಿಟ್ಟರು. ಆಕೆ ಸೆರಗಿನಿಂದ ಬಣ್ಣ ಒರೆಸಿಕೊಂಡು, ಹಲಗೆಯ ಮೇಲಿದ್ದ ನಮ್ಮತ್ತ ತಲೆಯೆತ್ತಿ, "ನಿಮ್ ದೀಪ ಆರದಿರಲಿ ಕಣ್ರಪ್ಪಾ" ಅಂದಳು.

"ಹಂಗೇ ಕರೆಂಟಿನೋರಿಗೂ ಒಂದ್ಮಾತು ಹೇಳ್ಬುಟ್ಟು ಹೋಗವ್ವಾ!" — ಮೇಲಿನಿಂದ ನಗೆಯಾಡಿದವನು ನಾನೇ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಕಟ್ಟುತ್ತಿದ್ದ ದೀಪಕ್ಕೆ ಎರಡನೆಯ ಗಂಟು ಹಾಕದೆ ಇಳಿದೆ. ಊಟ ಮುಗಿದು ಕೆಲಸ ಶುರುವಾದದ್ದೇ ತಡ, ಆ ದೀಪ ಸಿಂಹಾಸನದ ಮೇಲೆ ಬಿತ್ತು. ರಾಜನ ವೇಷದವರು ಆಗತಾನೆ ಎದ್ದಿದ್ದರು, ಇಲ್ಲದಿದ್ದರೆ —

ಮ್ಯಾನೇಜರು ನನ್ನನ್ನೇ ನೋಡಿದರು. "ಅಂದ ಕೆಳವಿ ದೀಪಂನು ಎನ್ನಮೋ ಸೊನ್ನಾಳೇ, ಎನ್ನಡಾ ಅದು?"

ಆ ಮುದುಕಿ ದೀಪವೆಂದು ಏನೋ ಅಂದಳಲ್ಲ, ಏನದು — ಅವರು ಕೇಳಿದ್ದು ಇಷ್ಟೇ. ನಾನು ತಮಿಳಿನಲ್ಲಿ ಹೇಳಿದೆ: "ನಿಮ್ಮ ದೀಪ ಆರಲಿ ಅಂದಳು, ಸಾರ್."

ಆಮೇಲೆ ನಾಯಕಿಗೆ ಜ್ವರ ಬಂದರೂ ಶಾಪ, ಸೆಟ್ಟು ಸೋರಿದರೂ ಶಾಪ. ಚಿತ್ರ ಅರ್ಧಕ್ಕೇ ನಿಂತಿತು. ಗೌರಮ್ಮನನ್ನು ಯಾವ ಸ್ಟುಡಿಯೋದ ಗೇಟೂ ಒಳಗೆ ಬಿಡಲಿಲ್ಲ. ನನಗೋ ಎಲ್ಲರ ಮೇಲೂ ಗುಮಾನಿ — ಯಾರಾದರೂ ಹಗ್ಗ ಮುಟ್ಟಿದರೆ ಸಾಕು, ಇವನಿಗೆ ಗೊತ್ತಿದೆ, ಇವನು ಹೇಳಿಬಿಡುತ್ತಾನೆ...

ಕೆಲವು ವರ್ಷಗಳ ಮೇಲೆ ಗೌರಮ್ಮ ಮೈಲಾಪೂರಿನ ಕೊಳದ ಹತ್ತಿರ ಹೂ ಕಟ್ಟುತ್ತಾ ಕೂತಿದ್ದಳು. ತಪ್ಪಿಸಿಕೊಳ್ಳಲಾಗಲಿಲ್ಲ.

"ಅವತ್ತು ನಾ ಏನಂದೆ ಮಗಾ? ತಿಳ್ಕೊಂಡೋನು ನೀನೊಬ್ನೇ."

"ನೆನಪಿಲ್ಲವ್ವಾ."

ಆಕೆ ನನ್ನ ಮುಖದಿಂದ ಕಣ್ಣು ತೆಗೆಯದೆ ಮಾಲೆಗೆ ಒಂದು ಗಂಟು ಹಾಕಿದಳು. ಮತ್ತೊಂದು ಹಾಕಿ ಬಿಗಿದಳು. ಎಲ್ಲ ತಿಳಿದೇ ಕೇಳಿದಳೋ, ಅಥವಾ — ಇಂದಿಗೂ ಗೊತ್ತಿಲ್ಲ. ಹೂ ಕೂಡ ಕೊಳ್ಳದೆ ಬಂದೆ.

ಈಗ ನನಗಿರುವುದು ತಿರುವೊಟ್ಟಿಯೂರಿನಲ್ಲಿ ಒಂದು ಮನೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಐದು ಮೊಮ್ಮಕ್ಕಳು. ಮನೆಯಲ್ಲೆಲ್ಲ ತಮಿಳೇ. ಗೌರಮ್ಮ ಅಂದದ್ದನ್ನು ಇದ್ದ ಹಾಗೇ ಹೇಳಿದರೆ ತಿಳಿಯುವವರು, ನನ್ನನ್ನೂ ಸೇರಿಸಿ, ಒಬ್ಬ.