ಅರಿಷಿಣ ಎಂಬ ಒಂದು ಸಾಲು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ನಳ ಬಂದಿತ್ತು, ಕೊಡ ತುಂಬಿಟ್ಟೆ. ಅತ್ತೆಯವರಿಗೆ ಗುಳಿಗೆ ಕೊಟ್ಟು ಆಫೀಸಿಗೆ ಹೋಗಿ ಬಂದೆ, ಒಣಗಿದ ಅರಿವೆ ಮಡಚಿದೆ. ಸಂಜೆ ಚುರುಮುರಿ ಒಗ್ಗರಣಿಗೆಂದು ಕಾದ ಎಣ್ಣೆಗೆ ಅರಿಷಿಣ ಹಾಕಿದೆ ನೋಡಿ, ಆ ವಾಸನೆಗೆ ಅವರು ಮತ್ತೆ ನೆನಪಾದರು… ನನ್ನ ಮೊದಲ ಆಫೀಸಿನ ಸಾಹೇಬರು.

ಹುಬ್ಬಳ್ಳಿಯ ಆ ಆಫೀಸಿನಲ್ಲಿ ನಾವು ಗಿರಾಕಿಗಳಿಗೆ ಕಂಟೇನರ್ ಇಮೇಜು ಕಟ್ಟಿಕೊಡುತ್ತಿದ್ದೆವು. ಪ್ರೋಗ್ರಾಮನ್ನು ಅದರ ಸರಂಜಾಮಿನ ಸಮೇತ ಒಂದೇ ಡಬ್ಬಿಗೆ ತುಂಬಿದ ಹಾಗೆ. ಕಟ್ಟುವಾಗಷ್ಟೇ ನಮ್ಮ ಸರ್ವರಿನ ಪಾಸ್‌ವರ್ಡು ಬೇಕಾಗುತ್ತಿತ್ತು. ಸಾಹೇಬರು ಅದನ್ನು ಎನ್ವಿರಾನ್‌ಮೆಂಟ್ ವೇರಿಯೇಬಲ್ ಅಂತ, ಒಂದು ಹೆಸರು, ಅದರೆದುರು ಅದರ ಬೆಲೆ, ಹೀಗೆ ಒಂದು ಸಾಲು ಬರೆದುಬಿಟ್ಟರು. ಹಾಗೆ ಬರೆದದ್ದು ಇಮೇಜಿನೊಳಗೇ ಉಳಿಯುತ್ತದೆ, ಇಮೇಜು ಸಿಕ್ಕವರು ಯಾರಾದರೂ ಓದಬಹುದು.

"ಸಾಹೇಬ್ರ, ಒಗ್ಗರಣ್ಯಾಗ ಬಿದ್ದ ಅರಿಷಿಣ ಆಮ್ಯಾಲೆ ತಗಿಯಾಕ ಬರೂದಿಲ್ರಿ" ಎಂದೆ.

"ಇದು ಅಡಗಿಮನಿ ಅಲ್ರಿ, ಒಗ್ಗರಣಿ ಬಾಯಾರ."

ಎಲ್ಲರೂ ನಕ್ಕರು. ಆ ಅಡ್ಡಹೆಸರು ಅಂಟಿಕೊಂಡಿತು. ತಿಂಗಳೊಪ್ಪತ್ತಿನಲ್ಲಿ ಗಿರಾಕಿಯ ಕಡೆಯವರೇ ಪಾಸ್‌ವರ್ಡು ಓದಿ ಫೋನು ಮಾಡಿದರು. ಮೀಟಿಂಗಿನಲ್ಲಿ ಸಾಹೇಬರು, ಆ ಸಾಲು ಬರೆದವರು ಈ ಬಾಯಾರು ಎಂದರು, ನನ್ನ ಮುಖ ಸಹ ನೋಡದೆ. ನನ್ನ ಕೆಲಸ ಹೋಯಿತು. ಹೆಸರೂ ಹೋಯಿತು.

ಮುಂದೆ ನವನಗರದಲ್ಲಿ ಬೇರೆ ಕೆಲಸ ಸಿಕ್ಕಿತು. ಉಳಿದವರು ತಮ್ಮ ಇಮೇಜನ್ನು ಯಾವುದರ ಮೇಲೆ ಕಟ್ಟಿಕೊಳ್ಳುತ್ತಾರೋ ಆ ತಳದ ಇಮೇಜು ಮಾಡುವುದು ನನ್ನ ಪಾಲಿಗೆ ಬಂತು. ಸಾಹೇಬರ ಹೊಸ ಆಫೀಸೂ ಅದನ್ನೇ ತೆಗೆದುಕೊಂಡಿತು ಎಂದು ತಿಳಿದ ದಿನ ಒಂದು ಸಾಲು ಸೇರಿಸಿದೆ. ವೇರಿಯೇಬಲ್ಲಿನ ಹೆಸರು ಅರಿಷಿಣ, ಅದರ ಬೆಲೆ 'ತಗಿಯಾಕ ಬರೂದಿಲ್ಲ'. ಯಾರಿಗೂ ಏನೂ ತ್ರಾಸಿಲ್ಲ. ಆದರೆ ತಳದಲ್ಲಿ ಇದ್ದದ್ದು ಮೇಲೆ ಕಟ್ಟಿದ ಎಲ್ಲದರಲ್ಲೂ ಬರುತ್ತದೆ. ಸಾಹೇಬರು ತಮ್ಮ ಕಡೆ ಬೆಲೆಯನ್ನು ಖಾಲಿ ಮಾಡಿ ನೋಡಿದರಂತೆ. ಹೆಸರು ಹೋಗಲಿಲ್ಲ.

ಕಡೆಗೆ ಸಾಹೇಬರದೇ ಫೋನು ಬಂತು. "ಬಾಯಾರ, ಅದನ್ನ ತಗೀರಿ. ನಮ್ಮ ಹುಡುಗ್ರು ಏನಿದು ಅಂತ ಕೇಳ್ತಾರ."

"ಹೇಳ್ರಿ ಮತ್ತ. ಅವತ್ತಿನ ಸಾಲು ಯಾರು ಬರದಿದ್ರು ಅಂತನೂ ಹೇಳ್ರಿ. ನೀವು ಹೇಳಿದ ದಿನ ತಗೀತೇನಿ."

ಅವರು ಫೋನು ಇಟ್ಟುಬಿಟ್ಟರು. ಖರೇ ಹೇಳಬೇಕೆಂದರೆ, ಆವತ್ತು ಊಟ ರುಚಿಯಾಗಿತ್ತು.

ಇವತ್ತು ಮಧ್ಯಾಹ್ನ ಅವರ ಆಫೀಸಿನ ಹುಡುಗಿ ಫೋನು ಮಾಡಿದ್ದಳು. ಸಾಹೇಬರು ಹೋದ ವಾರ ತೀರಿಕೊಂಡರಂತೆ. ಇನ್ನಾದರೂ ಅರಿಷಿಣ ತೆಗೆಯಬಹುದಲ್ಲ ಅಕ್ಕಾರ, ಎಂದು ಮೆಲ್ಲಗೆ ಕೇಳಿದಳು. ಆ ಹಳೆಯ ಸಾಲಿನ ಬಗ್ಗೆ ಅವರು ಏನಾದರೂ ಹೇಳಿದ್ದರಾ ಎಂದೆ. ಏನೂ ಹೇಳಿರಲಿಲ್ಲ.

ಹೇಳಬೇಕಾದ ಬಾಯಿ ಒಂದೇ ಇತ್ತು, ಅದೂ ಹೋಯಿತು. ಇನ್ನು ನನ್ನ ಹೆಸರು ತಿರುಗಿ ಕೊಡುವವರಿಲ್ಲ. ಫೈಲು ತೆರೆದೆ, ಆ ಸಾಲಿನ ಮೇಲೆ ಕರ್ಸರ್ ಇಟ್ಟುಕೊಂಡು ಕೂತೆ… ತೆಗೆಯಲಿಲ್ಲ. ಹಾಗೇ ಮುಚ್ಚಿದೆ.

ರಾತ್ರಿ ಚುರುಮುರಿ ಒಗ್ಗರಣಿ, ಮಿರ್ಚಿ, ಮೇಲೆ ಒಂದು ಲೋಟ ಮಜ್ಜಿಗೆ. ಅರಿಷಿಣ ತುಸು ಹೆಚ್ಚಾಗಿದೆ ಎಂದರು ಅತ್ತೆ. ಮೊದಲು ಮಲಗಿದವರೂ ಅವರೇ, ನಾನು ತಡವಾಗಿ.