ಉಸಿರಿನಷ್ಟು ತಡ

ಗುನ್ಸಾನ್ ಬಂದರಿನ ಹಿಂದಿರುವ ಚರ್ಚಿನಲ್ಲಿ ಪ್ಯೋ ಮ್ಯೊಂಗ್‌ಸುಕ್ ಮೂವತ್ತೊಂದು ವರ್ಷ ಪಿಯಾನೊ ನುಡಿಸಿದ್ದಾರೆ. ಈಗ ಗಂಟುನೋವು, ಉಂಗುರದ ಬೆರಳು ಮಡಚುವುದಿಲ್ಲ. ಅವರ ಜಾಗಕ್ಕೆ ಬರುವವರು ಯಾರೂ ಇಲ್ಲ. ಅರವತ್ತು ಕೀರ್ತನೆಗಳನ್ನು ಅವರಿಂದಲೇ ನುಡಿಸಿ ಕಂಪ್ಯೂಟರಿಗೆ ತುಂಬಿಸಿಡೋಣ, ಮುಂದೆ ಅದೇ ನುಡಿಸಲಿ ಎಂದು ಪಾಸ್ಟರ್ ತೀರ್ಮಾನಿಸಿದರು. ಮ್ಯೊಂಗ್‌ಸುಕ್ ಆಗಲಿ ಎಂದರು. ತಾನು ನುಡಿಸಿದ್ದು ನುಡಿಸಿದ ಹಾಗೆಯೇ ಉಳಿದರೆ ಸಾಕು ಎಂಬುದೊಂದೇ ಅವರ ಆಸೆ.

ಬುಧವಾರ ಮಧ್ಯಾಹ್ನ, ಚರ್ಚಿನ ಮೈಕು, ಸ್ಪೀಕರು ನೋಡಿಕೊಳ್ಳುವ ಟಾಕ್, ಡಿಜಿಟಲ್ ಪಿಯಾನೊದ ಬೆನ್ನಿಗೊಂದು ತೆಳ್ಳನೆಯ ಯುಎಸ್‌ಬಿ ವೈರು ಸಿಕ್ಕಿಸಿದ. ಮೊದಲ ಕೀರ್ತನೆ ಮುಗಿಯುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ತುಂಬ ಅಡ್ಡಗೆರೆಗಳು, ಒತ್ತಿದ ಒಂದೊಂದು ಕೀಗೂ ಒಂದೊಂದು. ಅದರಿಂದ ಮಾತ್ರ ಒಂದು ಸದ್ದೂ ಇಲ್ಲ.

"ಸ್ವರ ಎಲ್ಲಿ ಹೋಯ್ತಪ್ಪಾ?"

"ಈ ವೈರಲ್ಲಿ ಸ್ವರ ಹೋಗಲ್ಲ ಅಕ್ಕಾವ್ರೇ. ಯಾವ ಕೀ, ಯಾವಾಗ, ಎಷ್ಟು ಜೋರು, ಇಷ್ಟೇ. ಅದನ್ನ ವಾಪಸ್ ಕಳಿಸಿದ್ರೆ ಪಿಯಾನೊನೇ ನುಡಿಯತ್ತೆ. ಸ್ವರಕ್ಕೆ ಬೇರೆ ವೈರು, ಸ್ಪೀಕರಿಗೆ." ಅವನು ಗೆರೆಗಳತ್ತ ಬಾಗಿದ. "ಆದ್ರೆ ಪ್ರತಿ ಸಾಲಿನ ಕೊನೆಗೂ ನೀವು ತಡ ಮಾಡಿದೀರಿ, ನೋಡಿ. ಒಂದು ಬಟನ್ ಒತ್ತಿದ್ರೆ ಎಲ್ಲ ನೆಟ್ಟಗಾಗತ್ತೆ."

"ಅದು ತಡ ಅಲ್ಲ. ಹಾಡೋ ಅಜ್ಜಿಯರು ಉಸಿರು ತಗೋಬೇಕು."

"ಕೇಳಿದೋರು ತಪ್ಪು ನುಡಿಸಿದಾರೆ ಅಂತಾರೆ."

ಟಾಕ್ ಬಟನ್ ಒತ್ತಿದ. ಮ್ಯೊಂಗ್‌ಸುಕ್ ತಡೆಯಲಿಲ್ಲ.

ಸಂಜೆಯ ಪ್ರಾರ್ಥನೆಗೆ ಹನ್ನೆರಡು ಮಂದಿ ಬಂದರು. ಯಾರೂ ಕೂತಿರದ ಪಿಯಾನೊ ತಾನೇ ನುಡಿಯತೊಡಗಿತು. ಎರಡನೆಯ ಸಾಲಿಗೇ ಹಾಡುವವರು ಹಿಂದೆ ಬಿದ್ದರು. ಮೂರನೆಯದಕ್ಕೆ ಹಾಡೇ ನಿಂತುಹೋಯಿತು.

"ಏನಯ್ಯಾ ಟಾಕ್, ನಿನ್ನ ಪೆಟ್ಟಿಗೆಗೆ ಬಸ್ಸು ತಪ್ಪಿಹೋಗತ್ತಾ?" ಎಂದರು ಮೀನು ಒಣಗಿಸುವ ಬೋಂಗ್ ಅಜ್ಜಿ. "ನಮ್ಮನ್ನ ಇಲ್ಲೇ ಬಿಟ್ಟು ತಾನೊಂದೇ ಸ್ವರ್ಗ ಸೇರೋ ಹಾಗಿದೆ!"

ಎಲ್ಲರೂ ನಕ್ಕರು. ಟಾಕ್ ಕಿವಿ ಕೆಂಪಗೆ ಮಾಡಿಕೊಂಡು, ತಿದ್ದಿದ್ದನ್ನು ತೆಗೆದುಹಾಕಿ, ಮ್ಯೊಂಗ್‌ಸುಕ್ ನುಡಿಸಿದ್ದನ್ನೇ ಮತ್ತೆ ಹಚ್ಚಿದ. ಈ ಸಲ ಸಾಲಿನ ಕೊನೆಗೆ ಪಿಯಾನೊ ಕಾಯಿತು. ಹನ್ನೆರಡು ಮಂದಿ ಒಟ್ಟಿಗೆ ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿದರು. ಯಾರೂ ಆ ಖಾಲಿ ಆಸನದ ಕಡೆ ತಿರುಗಲಿಲ್ಲ.

ಮ್ಯೊಂಗ್‌ಸುಕ್ ಬಯಸಿದ್ದು ಅದನ್ನೇ. ಸಂತೋಷವಾಗಲಿಲ್ಲ. ದುಃಖವೂ ಆಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೋಂಗ್ ಅಜ್ಜಿಯ ಪಕ್ಕ ಬೆಂಚಿನಲ್ಲಿ ಕೂತಿದ್ದರು.

ಬೋಂಗ್ ಅಜ್ಜಿ ಮೊಣಕೈಯಿಂದ ತಿವಿದರು. "ಹಾಡೇ ನೀನೂ, ಸುಮ್ನೆ ಕೂತಿದೀಯಲ್ಲ."

ಇಷ್ಟು ವರ್ಷದಲ್ಲಿ ಮ್ಯೊಂಗ್‌ಸುಕ್ ಇಲ್ಲಿ ಒಂದು ಸಾಲೂ ಹಾಡಿರಲಿಲ್ಲ. ಕಣ್ಣು ಯಾವಾಗಲೂ ಪುಸ್ತಕದ ಸ್ವರಲಿಪಿಯ ಮೇಲೇ ಇರುತ್ತಿತ್ತು. ಎರಡನೆಯ ಚರಣದ ಪದಗಳು ಅವರಿಗೆ ಗೊತ್ತಿರಲಿಲ್ಲ.

"ಪುಸ್ತಕ ಸ್ವಲ್ಪ ಈ ಕಡೆ ಹಿಡೀರಿ ಅಜ್ಜಿ," ಎಂದರು.